ಕಡತದಲ್ಲಿ ಸಿಗದ ನೂರ ಅರವತ್ತು ವೀರರು

ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೇನೆ ಕೊರಳಿಗೆ ಕಟ್ಟುತ್ತಿದ್ದ ನೈಟ್ಸ್ ಕ್ರಾಸ್ ಎಷ್ಟು ಮಂದಿಗೆ ಸಿಕ್ಕಿತು? ಜರ್ಮನ್ನರ ಸೇನೆ, ಅದೂ ಎಲ್ಲದಕ್ಕೂ ಮೂರು ಪ್ರತಿ ಬರೆದಿಡುವ ಸೇನೆ. ಇದಕ್ಕೆ ಉತ್ತರ ಒಂದೇ ಇರಬೇಕಿತ್ತು. ಆದರೆ ಇರುವುದು ಎರಡು. ಪದಕ ಪಡೆದವರೇ ಸೇರಿ ಕಟ್ಟಿಕೊಂಡ ಸಂಘದ ಪಟ್ಟಿಯಲ್ಲಿ 7,321 ಹೆಸರುಗಳಿವೆ. ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಕಿವ್‌ನ ಕಡತಗಳಲ್ಲಿ ಆಧಾರ ಸಿಗುವುದು 7,161 ಮಂದಿಗೆ ಮಾತ್ರ. ನಡುವೆ ನೂರ ಅರವತ್ತು ವೀರರು ಕಾಣೆ. ಅವರು ಎಲ್ಲಿ ಹೋದರು ಎನ್ನುವುದಕ್ಕಿಂತ, ಪಟ್ಟಿಯೊಳಗೆ ಹೇಗೆ ಬಂದರು ಎನ್ನುವುದೇ ಈ ಕತೆ.

ಮೊದಲು ಆ ಪದಕ ಕೈಗೆ ಬರುತ್ತಿದ್ದ ದಾರಿ ನೋಡಬೇಕು. 1939ರ ಸೆಪ್ಟೆಂಬರ್ 1ರಂದು, ಪೋಲೆಂಡಿನ ಮೇಲೆ ದಾಳಿ ಶುರುವಾದ ದಿನವೇ, ಹಿಟ್ಲರ್ ಹಳೆಯ ಐರನ್ ಕ್ರಾಸ್ ಪದಕಕ್ಕೆ ಮರುಜೀವ ಕೊಟ್ಟು ಅದರ ಮೇಲೆ ನೈಟ್ಸ್ ಕ್ರಾಸ್ ಎಂಬ ಹೊಸ ದರ್ಜೆ ಸೇರಿಸಿದ. ಮುಂದೆ ಅದಕ್ಕೂ ಓಕ್ ಎಲೆ, ಖಡ್ಗ, ವಜ್ರ ಎಂದು ಒಂದರ ಮೇಲೊಂದು ಮೆಟ್ಟಿಲು ಬಂದವು. ರೆಜಿಮೆಂಟಿನಿಂದ ಹೊರಟ ಶಿಫಾರಸು ಡಿವಿಷನ್, ಕೋರ್, ಆರ್ಮಿ, ಆರ್ಮಿ ಗ್ರೂಪ್ ಹೀಗೆ ಹತ್ತಬೇಕು. ಪ್ರತಿ ಹಂತದ ಅಧಿಕಾರಿಯೂ ತನ್ನ ಷರಾ ಬರೆದು ಸಹಿ ಹಾಕಬೇಕು. ಕೊನೆಗೆ ಭೂಸೇನೆಯ ಸಿಬ್ಬಂದಿ ಕಚೇರಿ, ಅಲ್ಲಿಂದ ಹಿಟ್ಲರನ ಮೇಜು. ಒಪ್ಪಿಗೆಯಾದರೆ ಟೆಲಿಪ್ರಿಂಟರ್‌ನಲ್ಲಿ ಸುದ್ದಿ ಇಳಿಯುತ್ತಿತ್ತು. ಹಿಂದೆಯೇ ಬೆರಳಚ್ಚು ಮಾಡಿದ ತಾತ್ಕಾಲಿಕ ಪ್ರಮಾಣಪತ್ರ. ಗೆರ್ಡಿ ಟ್ರೂಸ್ಟ್ ವಿನ್ಯಾಸ ಮಾಡಿದ, ಚರ್ಮದ ಹೊದಿಕೆಯ ಭವ್ಯ ಪ್ರಶಸ್ತಿಪತ್ರ ಬೇರೆ ಇತ್ತು, ನಿಜ. ಅದು ಎಲ್ಲರ ಕೈಗೂ ಬರಲಿಲ್ಲ. ಪದಕದ ಹುಚ್ಚು ಹಿಡಿದ ಅಧಿಕಾರಿಗೆ ‘ಕತ್ತುನೋವು ಬಂದಿದೆ’ ಎಂದು ಸೈನಿಕರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆ ಕತ್ತುನೋವಿಗೆ ಎಷ್ಟು ಜನ ಸಿಪಾಯಿಗಳು ಬೆಲೆ ತೆತ್ತರೋ, ಅದರ ಕಡತ ಮಾತ್ರ ಯಾರೂ ಇಟ್ಟಿಲ್ಲ.

ದೊಡ್ಡ ಪದಕದ ಮಾತು ಹಾಗಿರಲಿ. ಯುದ್ಧಕಾಲದ ಜರ್ಮನ್ ಪ್ರಶಸ್ತಿಪತ್ರಗಳನ್ನು ಸಂಗ್ರಹಿಸುವವರು ಪಾಠ ಕಲಿಯುವುದು ಸಾಮಾನ್ಯ ಕಾಗದಗಳಿಂದಲೇ. ಗಾಯಾಳು ಬ್ಯಾಡ್ಜಿನ ಪತ್ರವನ್ನೇ ನೋಡಿ. ಅರ್ಧ ಹಾಳೆ, ಮೇಲೆ ಅಚ್ಚಾದ ಶೀರ್ಷಿಕೆ, ಕೆಳಗೆ ಟೈಪ್ ಮಾಡಿದ ಹೆಸರು, ದರ್ಜೆ, ತುಕಡಿ. ಗಾಯವಾದ ದಿನ, ಅದು ಎಷ್ಟನೆಯ ಗಾಯ ಎಂಬ ವಿವರ. ಒಂದು ಎರಡು ಗಾಯಕ್ಕೆ ಕಪ್ಪು ಬ್ಯಾಡ್ಜು, ಮೂರು ನಾಲ್ಕಕ್ಕೆ ಬೆಳ್ಳಿ, ಐದಕ್ಕೆ ಚಿನ್ನ. ಸಹಿ ಹಲವು ಸಲ ಯಾವ ಸೇನಾನಿಯದೂ ಅಲ್ಲ, ಮಿಲಿಟರಿ ಆಸ್ಪತ್ರೆಯ ವೈದ್ಯನದು. ಪಕ್ಕದಲ್ಲಿ ಹದ್ದಿನ ಚಿತ್ರದ ದುಂಡು ಮೊಹರು. ಈ ಹಾಳೆ ಒಂಟಿಯಾಗಿ ಹೇಳುವುದು ಕಡಿಮೆ. ಆದರೆ ಪ್ರತಿ ಸೈನಿಕನ ಜೇಬಿನಲ್ಲೂ ಸೋಲ್ಡ್‌ಬುಖ್ ಎಂಬ ಕಿರುಪುಸ್ತಕ ಇರುತ್ತಿತ್ತು. ಸಂಬಳ, ಬೂಟು, ಚುಚ್ಚುಮದ್ದು, ರಜೆ, ಆಸ್ಪತ್ರೆ ವಾಸ ಎಲ್ಲಕ್ಕೂ ಅದರಲ್ಲಿ ಒಂದೊಂದು ಪುಟ. 22ನೆಯ ಪುಟ ಪದಕಗಳಿಗೆ. ಗಾಯದ ದಿನಾಂಕ ಪ್ರಶಸ್ತಿಪತ್ರದಲ್ಲಿ ಒಂದಿದ್ದು, ಸೋಲ್ಡ್‌ಬುಖ್‌ನ ಆಸ್ಪತ್ರೆ ಪುಟದಲ್ಲಿ ಅದೇ ವಾರ ದಾಖಲಾಗಿದ್ದು, 22ನೆಯ ಪುಟದಲ್ಲಿ ಬೇರೆ ಶಾಯಿಯಲ್ಲಿ ಬೇರೆ ಗುಮಾಸ್ತ ಬರೆದಿದ್ದರೆ, ಮೂರು ಕಡೆಯ ಮೂವರು ಒಬ್ಬರನ್ನೊಬ್ಬರು ನೋಡದೆ ಒಂದೇ ಸಾಕ್ಷಿ ನುಡಿದಂತಾಯಿತು. ಪರಿಣತರು ಹುಡುಕುವುದು ಇದನ್ನೇ. ಅಂದವಾದ ಸಹಿಯನ್ನಲ್ಲ.

ಮಾರುಕಟ್ಟೆ ಹಾಳುಮಾಡಿದ್ದೂ ಇದನ್ನೇ. ಒಬ್ಬ ಸೈನಿಕನ ಕಟ್ಟನ್ನು ಇಡಿಯಾಗಿ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಲಾಭ ಹೆಚ್ಚು ಎಂದು ಕಂಡ ವ್ಯಾಪಾರಿ ಪದಕವನ್ನು ಒಬ್ಬನಿಗೆ, ಪತ್ರವನ್ನು ಇನ್ನೊಬ್ಬನಿಗೆ, ಸೋಲ್ಡ್‌ಬುಖ್ ಮತ್ತೊಬ್ಬನಿಗೆ ಕೊಡುತ್ತಾನೆ. ಸಾಕ್ಷಿಗಳು ದಿಕ್ಕಿಗೊಬ್ಬರಾದ ಮೇಲೆ ನಕಲಿಯವನಿಗೆ ಹಬ್ಬ. ಹಳೆಯ ಖಾಲಿ ನಮೂನೆಗಳು, ಹಳೆಯ ಟೈಪ್‌ರೈಟರ್, ರಬ್ಬರ್ ಮೊಹರು ಇದ್ದರೆ ಕೆಲಸ ಮುಗಿಯಿತು. ನೇತಾಜಿಯವರು ಜರ್ಮನಿಯಲ್ಲಿದ್ದಾಗ, 1942ರಲ್ಲಿ, ಸ್ಥಾಪಿಸಿದ ಆಜಾದ್ ಹಿಂದ್ ಪದಕಗಳ ಪಾಡೂ ಬೇರೆಯಲ್ಲ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಕಟ್ಟಿದ, ಜರ್ಮನ್ ಸೇನೆಯ 950ನೆಯ ರೆಜಿಮೆಂಟ್ ಎಂದು ದಾಖಲಾದ ದಳಕ್ಕೂ ಅದರ ಜರ್ಮನ್ ಅಧಿಕಾರಿಗಳಿಗೂ ಕೊಟ್ಟ ಪದಕಗಳವು. ಯುದ್ಧ ಮುಗಿದ ಮೇಲೂ ಅವುಗಳ ಪ್ರತಿಗಳು ತಯಾರಾದವು. ಹಾಗಾಗಿ ಅವುಗಳಲ್ಲೊಂದಾದ ‘ಶೇರ್-ಎ-ಹಿಂದ್’ ಪದಕ ಕೈಯಲ್ಲಿದೆ ಎಂದರೆ ಏನೂ ಸಾಬೀತಾಗುವುದಿಲ್ಲ. ಯಾರಿಗೆ, ಯಾವಾಗ ಎಂದು ಹೇಳುವ ಕಾಗದ ಬೇಕು.

ಕಾಗದವೂ ಸುಳ್ಳು ಹೇಳಬಲ್ಲದು ಎಂದು ಜಗತ್ತಿಗೆ ತೋರಿಸಿದವನು ಇದೇ ವ್ಯಾಪಾರದ ಗಿರಾಕಿ, ಸ್ಟಟ್‌ಗಾರ್ಟ್‌ನ ಕೊನ್ರಾಡ್ ಕುಯಾವ್. ಹಳೆಯ ಹೆಲ್ಮೆಟ್, ಪದಕ ಮಾರುತ್ತಿದ್ದವನು, ಮಾಲಿನ ಜೊತೆ ಒಂದು ದೃಢೀಕರಣ ಪತ್ರವಿದ್ದರೆ ಬೆಲೆ ಏರುತ್ತದೆಂದು ಕಂಡುಕೊಂಡು ಅಂಥ ಪತ್ರಗಳನ್ನೇ ಬರೆಯತೊಡಗಿದ. ಅಲ್ಲಿಂದ ಹಿಟ್ಲರನ ಚಿತ್ರಗಳು, ಕವಿತೆಗಳು, ಕೊನೆಗೆ ಅರವತ್ತಷ್ಟು ಸಂಪುಟಗಳ ಡೈರಿ! ಸ್ಟರ್ನ್ ಪತ್ರಿಕೆ ಅದಕ್ಕೆ 93 ಲಕ್ಷ ಮಾರ್ಕ್ ಸುರಿದು, 1983ರ ಏಪ್ರಿಲ್ 25ರಂದು ಹ್ಯಾಂಬರ್ಗ್‌ನಲ್ಲಿ ಪತ್ರಿಕಾಗೋಷ್ಠಿ ಕರೆಯಿತು. ಎರಡು ವಾರ ಕಳೆಯುವುದರೊಳಗೆ ಬುಂಡೆಸ್‌ಆರ್ಕಿವ್ ಇದು ನಕಲಿ ಎಂದು ಸಾರಿತು: ಕಾಗದದಲ್ಲಿ ಯುದ್ಧಾನಂತರ ಬಳಕೆಗೆ ಬಂದ ಬಿಳುಪುಕಾರಕ ರಾಸಾಯನಿಕ ಇತ್ತು. ನನ್ನ ಮಟ್ಟಿಗೆ ಈ ಹಗರಣದ ರಸವತ್ತಾದ ಭಾಗ ರಾಸಾಯನಿಕವಲ್ಲ. ಅದಕ್ಕೂ ಮುಂಚೆ ಕೈಬರಹ ತಜ್ಞರು ಡೈರಿ ಅಸಲಿ ಎಂದಿದ್ದರು. ಹೋಲಿಸಿ ನೋಡಲು ಅವರಿಗೆ ಕೊಟ್ಟ ‘ಹಿಟ್ಲರನ ಬರಹ’ಗಳಲ್ಲಿ ಕೆಲವು ಕುಯಾವನೇ ಬರೆದವು. ಕಳ್ಳನ ಸಾಕ್ಷಿಗೆ ಕಳ್ಳನೇ! ಹಿಟ್ಲರನ ಕೈಬರಹಕ್ಕೆ ಹೋಲುತ್ತದೆಯೇ ಎಂದು ಕೇಳಿದರು. ಹೋಲಿಸುವ ಹಾಳೆ ಎಲ್ಲಿಂದ ಬಂತು ಎಂದು ಕೇಳಲಿಲ್ಲ.

ಈಗ 1945ಕ್ಕೆ ಹೋಗೋಣ. ಆ ಏಪ್ರಿಲ್‌ನಲ್ಲಿ ಜರ್ಮನಿಯ ಕಾಗದಗಳಿಗೂ ಸೈನ್ಯದಷ್ಟೇ ದಿಕ್ಕೆಟ್ಟ ಸ್ಥಿತಿ. 14ರ ರಾತ್ರಿ ಬ್ರಿಟಿಷ್ ವಿಮಾನಗಳು ಪಾಟ್ಸ್‌ಡ್ಯಾಮ್ ಮೇಲೆ ಬಾಂಬ್ ಸುರಿದಾಗ ಅಲ್ಲಿನ ಭೂಸೇನಾ ಪತ್ರಾಗಾರ ಸುಟ್ಟುಹೋಯಿತು. ಸತ್ತವರ, ಗಾಯಗೊಂಡವರ, ಸೆರೆಯಾದವರ ಲೆಕ್ಕ ಇಡುತ್ತಿದ್ದ ಕಚೇರಿಯನ್ನು ಬಾಂಬಿಗೆ ಹೆದರಿ 1943ರಲ್ಲೇ ಬರ್ಲಿನ್ನಿಂದ ಥುರಿಂಗಿಯಾಕ್ಕೆ ಸಾಗಿಸಿದ್ದರಿಂದ ಅದು ಉಳಿದು ಅಮೆರಿಕನ್ನರ ಕೈಗೆ ಸಿಕ್ಕಿತು. ಸುಮಾರು 1.8 ಕೋಟಿ ಸೈನಿಕರ ಚೀಟಿಗಳಿದ್ದ ಆ ಕಚೇರಿ ಯುದ್ಧದ ನಂತರವೂ ಬರ್ಲಿನ್ನಿನಲ್ಲಿ ಕೆಲಸ ಮುಂದುವರಿಸಿ, 2019ರಲ್ಲಿ ಬುಂಡೆಸ್‌ಆರ್ಕಿವ್‌ನಲ್ಲಿ ಸೇರಿಹೋಯಿತು. ನಾಜಿ ಪಕ್ಷದ ಸದಸ್ಯತ್ವದ ಚೀಟಿಗಳ ಕತೆಯಂತೂ ಇನ್ನೂ ಸೋಜಿಗ. ತಿರುಳು ಮಾಡಿ ಹಾಳುಮಾಡಿ ಎಂದು ಮ್ಯೂನಿಕ್ ಬಳಿಯ ಕಾಗದದ ಗಿರಣಿಗೆ ಕಳಿಸಿದ್ದರು. ಗಿರಣಿಯವನು ಮಾಡಲಿಲ್ಲ.

ಪದಕಗಳ ವಿಭಾಗದಲ್ಲಿ ಮಾತ್ರ ಕೊನೆಯ ದಿನದವರೆಗೂ ಟಪಾಲು ನಿಲ್ಲಲಿಲ್ಲ. ಬರ್ಲಿನ್ ಸುತ್ತ ರಷ್ಯನ್ ಫಿರಂಗಿ ಮೊಳಗುತ್ತಿರುವಾಗಲೂ ಶಿಫಾರಸುಗಳು ಬರುತ್ತಲೇ ಇದ್ದವು. ಕಡತ ನೋಡುತ್ತಿದ್ದ ಅಧಿಕಾರಿಗಳು ಹಲವಕ್ಕೆ ಒಪ್ಪಿಗೆ ಕೊಟ್ಟರು, ಹಲವಕ್ಕೆ ‘ತಡೆಹಿಡಿದಿದೆ’ ಎಂದು ಷರಾ ಬರೆದರು. ಯಾವುದೋ ಹಂತದ ಅಭಿಪ್ರಾಯ ಇಲ್ಲ, ವರದಿ ಅಪೂರ್ಣ, ಅಥವಾ ಶಿಫಾರಸಾದವನೇ ಶತ್ರುವಿನ ಸೆರೆಯಲ್ಲಿದ್ದಾನೆ. ಸೆರೆಸಿಕ್ಕವರ ಶಿಫಾರಸನ್ನು ಮುಂದುವರಿಸಬಾರದೆಂದು ನಿಯಮವೇ ಇತ್ತು. ಏಪ್ರಿಲ್ 30ರಂದು ಹಿಟ್ಲರ್ ಗುಂಡು ಹಾರಿಸಿಕೊಂಡ. ಉತ್ತರಾಧಿಕಾರಿ ಅಡ್ಮಿರಲ್ ಡೋನಿಟ್ಜ್ ಫ್ಲೆನ್ಸ್‌ಬರ್ಗ್‌ನಲ್ಲಿ ಕೂತು, ಶರಣಾಗತಿಯ ಹೊತ್ತಿಗೆ, ಮೇ 7ರದೆಂದು ನಂಬಲಾದ ಒಂದು ಆಜ್ಞೆ ಹೊರಡಿಸಿದ: ಶರಣಾಗತಿಯವರೆಗೆ ಬಂದು ತಲುಪಿದ, ಎಲ್ಲ ಹಂತದ ಒಪ್ಪಿಗೆಯೂ ಸರಿಯಾಗಿರುವ ನೈಟ್ಸ್ ಕ್ರಾಸ್ ಶಿಫಾರಸುಗಳೆಲ್ಲ ಮಂಜೂರಾದಂತೆಯೇ. ದೇಶ ಮಣ್ಣುಪಾಲಾಗುತ್ತಿದ್ದ ದಿನ ಪದಕದ ಬಾಕಿ ತೀರಿಸುವ ಚಿಂತೆ! ಯಾರ್‍ಯಾರಿಗೆ ಎಂದು ಹೆಸರು ಹಿಡಿದು ಹೇಳದ ಈ ಒಂದು ಆಜ್ಞೆಯೇ ಮುಂದಿನ ದಶಕಗಳ ಗೊಂದಲಕ್ಕೆ ತಾಯಿಯಾಯಿತು.

ಸೋತ ದೇಶದಲ್ಲಿ ಸ್ವಸ್ತಿಕ ಇರುವ ಪದಕ ಹಾಕಿಕೊಳ್ಳುವಂತಿರಲಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿ, ಸ್ವಸ್ತಿಕ ತೆಗೆದ ರೂಪದಲ್ಲಿ ಧರಿಸಲು ಅನುಮತಿ ಕೊಟ್ಟಿತು. ಮಾಜಿ ಯೋಧರು ತಮ್ಮ ಸಂಘದಲ್ಲಿ ಸೇರತೊಡಗಿದರು. ಪಟ್ಟಿ ಮಾಡುವ ಕೆಲಸ ವಾಲ್ಟರ್-ಪೀರ್ ಫೆಲ್‌ಗೀಬೆಲ್ ಪಾಲಿಗೆ ಬಂತು. ಆತನೂ ನೈಟ್ಸ್ ಕ್ರಾಸ್ ಪಡೆದವನು. ಯುದ್ಧದ ಕೊನೆಗೆ ಅದೇ ಸಿಬ್ಬಂದಿ ಕಚೇರಿಯ ಪದಕ ವಿಭಾಗದಲ್ಲಿದ್ದವನು. ಅನುಭವದಲ್ಲಿ ಅವನಿಗಿಂತ ಅರ್ಹನಿರಲಿಲ್ಲ, ನಿಷ್ಪಕ್ಷಪಾತದಲ್ಲಿ ಅವನಷ್ಟು ಅನರ್ಹನೂ ಇರಲಿಲ್ಲ. 1986ರಲ್ಲಿ ಅವನ ಪುಸ್ತಕ ಬಂತು. ಸಂಗ್ರಾಹಕರು, ವ್ಯಾಪಾರಿಗಳು, ಲೇಖಕರು ಎಲ್ಲರಿಗೂ ಅದೇ ಪ್ರಮಾಣಗ್ರಂಥ. ಅನುಮಾನದ ಪ್ರಕರಣಗಳನ್ನು ಸಂಘದ ಸಮಿತಿಯೇ ಕೂತು ತೀರ್ಮಾನಿಸುತ್ತಿತ್ತು. ಕಡತದಲ್ಲಿ ‘ತಡೆಹಿಡಿದಿದೆ’ ಎಂದು ನಿಂತುಹೋದವನಿಗೆ ಡೋನಿಟ್ಜ್ ಆಜ್ಞೆಯ ನೆರಳಿನಲ್ಲಿ ಪದಕ ಸಿಗುತ್ತಿತ್ತು. ದಿನಾಂಕವನ್ನೂ ಅವರೇ ಹಾಕುತ್ತಿದ್ದರು. ಹೀಗೆ 1945ರಲ್ಲಿ ಸಿಗದ ಪದಕ 1980ರ ದಶಕದಲ್ಲಿ ‘1945ರ ಮೇ’ ತಾರೀಖಿನಲ್ಲಿ ದಕ್ಕಿದ್ದುಂಟು.

ಈ ಗಂಟನ್ನು ಬಿಡಿಸಿದವರು ಫೈಟ್ ಶೆರ್ಟ್ಸರ್ ಎಂಬ ಜರ್ಮನ್ ಲೇಖಕರು. ಅವರಿಗೆ ಯಾವ ಗುಪ್ತ ಪೆಟ್ಟಿಗೆಯೂ ಸಿಗಲಿಲ್ಲ, ಅಟ್ಟದ ಮೇಲಿನ ಟ್ರಂಕೂ ಸಿಗಲಿಲ್ಲ. ಎಲ್ಲರಿಗೂ ಗೊತ್ತಿದ್ದ ಪತ್ರಾಗಾರದಲ್ಲಿ, ಎಲ್ಲರೂ ಇದೆ ಎಂದು ಬಲ್ಲ ಕಡತಗಳಲ್ಲಿ, ಒಂದೊಂದು ಹೆಸರಿನ ಶಿಫಾರಸು ತೆಗೆದು ಅದರ ಮೇಲಿನ ಷರಾ ಓದಿದರು, ಅಷ್ಟೆ. ಸಂಘದ ಪಟ್ಟಿಯಲ್ಲಿ ಹೆಸರಿದೆ. ಶಿಫಾರಸು ಬಂದು ತಲುಪಿದ ದಿನ ನಮೂದಾಗಿದೆ. ಮುಂದೆ ಮಂಜೂರಾತಿ ಎಲ್ಲಿ? ಖಾಲಿ. ಕೆಲವು ಕಡೆ ಶಿಫಾರಸೇ ಇಲ್ಲ. ಡೋನಿಟ್ಜ್ ಆಜ್ಞೆಗೆ ಕಾನೂನಿನ ಬಲವೇ ಇಲ್ಲ ಎಂಬುದು ಅವರ ವಾದ: ಪ್ರತಿ ಹೆಸರನ್ನೂ ಬಿಡಿಯಾಗಿ ನೋಡಿ ಮಂಜೂರು ಮಾಡಬೇಕಾದ ಗೌರವವನ್ನು ಸಗಟಾಗಿ ಹಂಚಲು ಬರುವುದಿಲ್ಲ. 2005ರಲ್ಲಿ ಅವರ ಪುಸ್ತಕ ಬಂತು, 2007ರಲ್ಲಿ ಪರಿಷ್ಕೃತ ಆವೃತ್ತಿ. ಓಕ್ ಎಲೆ 890 ಎಂದು ಸಂಘ ಹೇಳಿದರೆ ಪತ್ರಾಗಾರದಲ್ಲಿ ಆಧಾರ ಇರುವುದು 863ಕ್ಕೆ. ಖಡ್ಗ 159 ಇದ್ದದ್ದು 147ಕ್ಕೆ ಇಳಿಯಿತು. ವಜ್ರದ 27 ಮಾತ್ರ ಅಲುಗಲಿಲ್ಲ. ಸಂಘಕ್ಕೇ ಗೊತ್ತಿಲ್ಲದ ಒಬ್ಬ ನಿಜವಾದ ನೈಟ್ಸ್ ಕ್ರಾಸ್ ಪುರಸ್ಕೃತ ಕಡತದಲ್ಲಿ ಸಿಕ್ಕಿದ ಎಂಬುದು ತಮಾಷೆ.

ಅಂಕಿಸಂಖ್ಯೆಯ ತಕರಾರು ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅವರು ಖಡ್ಗದ ಪಟ್ಟಿಯ ಕೊನೆಯಲ್ಲಿ, 1945ರ ಮೇ 6 ಎಂಬ ಒಂದೇ ತಾರೀಖಿನ ಎದುರು ಇರುವ, ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ ಮೂರು ಹೆಸರುಗಳನ್ನು ನೋಡಬೇಕು: ಓಟೊ ವೈಡಿಂಗರ್, ಗುಂಟರ್-ಎಬರ್‌ಹಾರ್ಡ್ ವಿಸ್ಲಿಚೇನಿ, ಸಿಲ್ವೆಸ್ಟರ್ ಸ್ಟಾಡ್ಲರ್. ಮೂವರ ಮಂಜೂರಾತಿಗೂ ಪತ್ರಾಗಾರದಲ್ಲಿ ಆಧಾರವಿಲ್ಲ. ಫ್ರಾನ್ಸಿನ ಒರಾದೂರ್-ಸುರ್-ಗ್ಲಾನ್ ಎಂಬ ಹಳ್ಳಿಯಲ್ಲಿ 1944ರ ಜೂನ್ 10ರಂದು 640ಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳನ್ನು ಚರ್ಚಿನೊಳಗೆ ಕೂಡಿಹಾಕಿ, ಕೊಂದದ್ದು ಎಸ್‌ಎಸ್‌ನ ‘ಡೆರ್ ಫ್ಯೂರರ್’ ರೆಜಿಮೆಂಟಿನ ತುಕಡಿ. ಆ ದಿನ ರೆಜಿಮೆಂಟಿನ ಮುಖ್ಯಸ್ಥ ಸ್ಟಾಡ್ಲರ್. ಕೆಲವೇ ದಿನಗಳಲ್ಲಿ ಆ ಹುದ್ದೆಗೆ ಬಂದವನು ವೈಡಿಂಗರ್. ಯುದ್ಧದ ನಂತರ ವೈಡಿಂಗರ್ ತನ್ನ ಡಿವಿಷನ್ನಿನ ಸಂಪುಟಗಟ್ಟಲೆ ಚರಿತ್ರೆಯನ್ನು ತಾನೇ ಬರೆದ. ಪುಸ್ತಕದ ಮುಖಪುಟದ ಮೇಲೆ ಖಡ್ಗ ಪಡೆದ ವೀರ ಎಂದು ಅಚ್ಚಾದರೆ ಒಳಗಿನ ಮಾತಿಗೂ ತೂಕ ಬರುತ್ತದೆ. ಆ ತೂಕ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಓದುಗನಿಗಿದೆ.

ಅಸಲಿ ಕಾಗದಗಳನ್ನೂ ಹೀಗೆಯೇ ಓದಬೇಕು. 1944ರ ಜನವರಿ 30ರಂದು ಗೆರಿಲ್ಲಾ ವಿರೋಧಿ ಹೋರಾಟಕ್ಕೆಂದು ಒಂದು ಬ್ಯಾಡ್ಜು ಸ್ಥಾಪಿಸಿದರು. ಇಪ್ಪತ್ತು ದಿನದ ಹೋರಾಟಕ್ಕೆ ಕಂಚು, ಐವತ್ತಕ್ಕೆ ಬೆಳ್ಳಿ, ನೂರಕ್ಕೆ ಚಿನ್ನ. ಇದರ ಪತ್ರ ಅಪರೂಪವೆಂದು ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ. ಬೆಲಾರುಸ್‌ನಲ್ಲೋ ಬಾಲ್ಕನ್ ನಾಡುಗಳಲ್ಲೋ ಈ ‘ಹೋರಾಟ’ ಎಂದರೆ ಹಳ್ಳಿ ಸುಡುವುದೂ ಆಗಿತ್ತು. ದಿನ ಲೆಕ್ಕಹಾಕಿ ಪದಕ ಕೊಟ್ಟಿದ್ದರಿಂದ, ಯಾವ ತುಕಡಿ ಯಾವಾಗ ಎಲ್ಲಿತ್ತು ಎಂಬ ದಾಖಲೆ ಅವರೇ ಬರೆದುಕೊಟ್ಟಂತಾಯಿತು. ಸಂಗ್ರಾಹಕನ ಆಲ್ಬಮ್ಮಿನಲ್ಲಿ ಅದು ಅಲಂಕಾರ, ಇತಿಹಾಸಕಾರನ ಮೇಜಿನ ಮೇಲೆ ಪುರಾವೆ. ಎರಡನೆಯ ಕಡೆ ಇರಬೇಕೆಂಬುದು ನನ್ನ ಪಕ್ಷ.

ಸಂಘದ ಹಳೆಯ ಪಟ್ಟಿ ಇನ್ನೂ ಹರಾಜುಗಳಲ್ಲಿ, ಯುದ್ಧಕತೆಗಳ ಪುಸ್ತಕಗಳಲ್ಲಿ ಓಡಾಡುತ್ತಿದೆ. ಮುಂದೆ ಯಾವುದಾದರೂ ಜರ್ಮನ್ ಯೋಧನ ಹೆಸರಿನ ಎದುರು 1945ರ ಮೇ ತಿಂಗಳ ನೈಟ್ಸ್ ಕ್ರಾಸ್ ಕಂಡರೆ, ಮಂಜೂರಾತಿಯ ಕಡತ ಯಾವುದು ಎಂದು ಕೇಳಿ.