ಬಾವಿಗೆ, ಗೋಬರ್ ಗ್ಯಾಸ್ ಗುಂಡಿಗೆ ಇಳಿಯುವ ಮುನ್ನ

ಬೇಸಿಗೆ ಬಂತೆಂದರೆ ತೋಟದ ಬಾವಿಯ ಹೂಳೆತ್ತುವುದು, ಗೋಬರ್ ಗ್ಯಾಸ್ ಗುಂಡಿ ಶುಚಿಮಾಡುವುದು ಬೆಳೆಗಾರರಿಗೆ ಇದ್ದದ್ದೇ. ಇಳಿದವನು ಮೇಲೆ ಬಾರದೆ, ಅವನನ್ನು ಎತ್ತಲು ಹೋದವನೂ ಅಲ್ಲೇ ಕುಸಿದ ಸುದ್ದಿಯನ್ನು ಆಗಾಗ ಓದುತ್ತೇವೆ. ಇದು ಭೂತದ ಕಾಟವಲ್ಲ, ಅನಿಲಗಳ ಕೆಲಸ.

ಅನಿಲಕ್ಕೆ ತನ್ನದೇ ಆಕಾರವಿಲ್ಲ. ಸಿಕ್ಕ ಜಾಗವನ್ನೆಲ್ಲ ತುಂಬುತ್ತದೆ. ಕಾಯಿಸಿದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಉಷ್ಣತೆ ಬದಲಾಗದಿದ್ದರೆ, ಒತ್ತಡ ಎರಡು ಪಟ್ಟಾದಾಗ ಗಾತ್ರ ಅರ್ಧವಾಗುತ್ತದೆಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲೇ ಪ್ರಕಟಿಸಿದ. ಗಾಳಿ ಒತ್ತಿ ತುಂಬಿದ ಸಿಂಪರಣಾ ಪಂಪಿನಿಂದ ಔಷಧಿ ಚಿಮ್ಮುವುದು ಇದೇ ಗುಣದಿಂದ.

ನಮಗೆ ಮುಖ್ಯವಾದ ಇನ್ನೊಂದು ಗುಣ ತೂಕ. ಎಲೆ, ಕಸ ಕೊಳೆತಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗಾಳಿಯಾಡದ ಬಾವಿಯಲ್ಲಿ ಅದು ತಳದಲ್ಲೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ 10 ಭಾಗ ಸೇರಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. 1986ರ ಆಗಸ್ಟ್ 21ರಂದು ಆಫ್ರಿಕದ ಕ್ಯಾಮರೂನ್ ದೇಶದ ನ್ಯೋಸ್ ಸರೋವರದಿಂದ ಹೊಮ್ಮಿದ ಇದೇ ಅನಿಲ ನೀರಿನಂತೆ ಕಣಿವೆಗಳಿಗೆ ಹರಿದು 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಗೋಬರ್ ಗ್ಯಾಸ್ ಗುಂಡಿಯಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿಯ ಮೀಥೇನ್ ಗಾಳಿಗಿಂತ ಹಗುರ. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗವಿದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಜೊತೆಗಿರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯ ವಿಷ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಆದ್ದರಿಂದ ವಾಸನೆ ನಿಂತಿತೆಂದು ನೆಚ್ಚಬಾರದು. ಪಲ್ಪರ್ ನೀರು ನಿಂತು ಕೊಳೆತ ತೊಟ್ಟಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಬಾವಿಗೆ ಲಾಟೀನು ಇಳಿಬಿಟ್ಟು ನೋಡುವುದು ಹಿರಿಯರ ಪದ್ಧತಿ. ದೀಪ ಆರಿದರೆ ಇಳಿಯಲೇಬಾರದು. ಆದರೆ ದೀಪ ಉರಿದ ಮಾತ್ರಕ್ಕೆ ವಿಷಾನಿಲವಿಲ್ಲವೆಂದು ಹೇಳಲಾಗದು. ಗೋಬರ್ ಗ್ಯಾಸ್ ಗುಂಡಿಯ ಬಳಿಗಂತೂ ದೀಪ, ಬೀಡಿ ಒಯ್ಯಲೇಕೂಡದು.

ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಗೋಬರ್ ಗ್ಯಾಸ್ ಗುಂಡಿಗೆ ಆಳು ಇಳಿಸಬೇಡಿ. ಬಗ್ಗಡವನ್ನು ಮೇಲಿನಿಂದಲೇ ಪಂಪಿನಿಂದ ತೆಗೆಸಿ.

2. ಬಾವಿಯ ತಳಕ್ಕೆ ಬ್ಲೋವರಿನಿಂದ ಹೊಸ ಗಾಳಿ ಹಾಯಿಸಿ. ಅನಿಲ ಅಳೆಯುವ ಉಪಕರಣದಿಂದ ಪರೀಕ್ಷಿಸಿದ ಮೇಲೆಯೇ ಇಳಿಸಿ. ಕೆಲಸ ಮುಗಿಯುವವರೆಗೂ ಗಾಳಿ ನಿಲ್ಲಿಸಬೇಡಿ.

3. ಇಳಿಯುವವನ ಸೊಂಟಕ್ಕೆ, ಎದೆಗೆ ಪಟ್ಟಿ ಬಿಗಿದು ಹಗ್ಗ ಕಟ್ಟಿರಲಿ. ಮೇಲೆ ಇಬ್ಬರಾದರೂ ಇರಲಿ.

4. ಒಳಗಿದ್ದವನು ಕುಸಿದರೆ ಹಗ್ಗದಿಂದ ಎಳೆಯಿರಿ, 112ಕ್ಕೆ ಕರೆಮಾಡಿ. ಮಗನೇ ಆಗಲಿ, ಅಣ್ಣನೇ ಆಗಲಿ, ಹಿಂದೆಯೇ ಇಳಿಯಬೇಡಿ.