ವ್ಯವಹಾರ ಪತ್ರದಲ್ಲಿ ‘ಇಟ್’ ಎಂದರೆ ಯಾವುದು?

ಇಂಗ್ಲಿಷ್ ಬರವಣಿಗೆಯಲ್ಲಿ ಸರ್ವನಾಮಗಳ ಸ್ಪಷ್ಟ ಬಳಕೆ: ಉದ್ಯಮಿಗಳಿಗೊಂದು ಕೈಪಿಡಿ

ನಮ್ಮ ನಾಡಿನ ವರ್ತಕರು ಹಾಗೂ ಸಣ್ಣ ಉದ್ಯಮಿಗಳಲ್ಲಿ ಬಹುತೇಕರು ದಿನನಿತ್ಯದ ಮಾತುಕತೆಯನ್ನು ಕನ್ನಡದಲ್ಲಿ ನಡೆಸಿದರೂ ಕೊಟೇಶನ್, ಖರೀದಿ ಆದೇಶ, ತಿರಸ್ಕೃತ ಮಾಲಿನ ಬಗೆಗಿನ ಪತ್ರ, ವಿಮಾ ಕ್ಲೇಮು, ಬ್ಯಾಂಕಿನೊಡನೆಯ ಪತ್ರವ್ಯವಹಾರ ಮುಂತಾದವುಗಳನ್ನು ಇಂಗ್ಲಿಷಿನಲ್ಲಿಯೇ ನಡೆಸಬೇಕಾಗಿದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗಗಳಿರುತ್ತವೆ. ಸಣ್ಣ ಘಟಕಗಳಲ್ಲಿ ಮಾಲೀಕರು ಅಥವಾ ಲೆಕ್ಕಪತ್ರ ನೋಡಿಕೊಳ್ಳುವ ಸಿಬ್ಬಂದಿಯೇ ಈ ಕೆಲಸವನ್ನು ನಿರ್ವಹಿಸುತ್ತಾರೆ. ಕಾಗುಣಿತದ ತಪ್ಪುಗಳನ್ನು ಗಣಕಯಂತ್ರವು ತೋರಿಸಿಕೊಡುತ್ತದೆ. ಆದರೆ ಪತ್ರದಲ್ಲಿ ಬರುವ ‘ಇಟ್’, ‘ದೇ’, ‘ದಿಸ್’, ‘ವಿಚ್’ ಎಂಬ ಪುಟ್ಟ ಪದಗಳು ಯಾವ ವಸ್ತುವನ್ನು ಸೂಚಿಸುತ್ತವೆ ಎಂಬುದು ಬರೆದವರ ಮನಸ್ಸಿಗೆ ಮಾತ್ರ ಗೊತ್ತಿರುತ್ತದೆ. ಓದುವವರು ಅದನ್ನು ಬೇರೆಯಾಗಿ ಅರ್ಥಮಾಡಿಕೊಂಡರೆ ನಷ್ಟ ತಪ್ಪಿದ್ದಲ್ಲ.

ನಾಮಪದದ ಬದಲಿಗೆ ಬರುವ ಪದವೇ ಸರ್ವನಾಮವೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಅದು ಯಾವ ನಾಮಪದದ ಬದಲಿಗೆ ಬಂದಿದೆಯೋ ಆ ನಾಮಪದವನ್ನು ಈ ಲೇಖನದಲ್ಲಿ ‘ಪೂರ್ವಪದ’ ಎಂದು ಕರೆಯೋಣ. ಒಂದು ಸರ್ವನಾಮಕ್ಕೆ ಒಂದೇ ಪೂರ್ವಪದವಿರಬೇಕು. ಅದು ಯಾವುದೆಂದು ಓದುಗರಿಗೆ ಅನುಮಾನವಿಲ್ಲದೆ ತಿಳಿಯಬೇಕು. ಈ ವಿಷಯದ ಸಾರಾಂಶವೆಲ್ಲ ಇಷ್ಟೇ.

ಒಂದು ಸಾಲು, ಎರಡು ಅರ್ಥ

ಯಂತ್ರಭಾಗಗಳನ್ನು ಖರೀದಿಸಿದ ಘಟಕವೊಂದು ತನ್ನ ಸರಬರಾಜುದಾರರಿಗೆ ಹೀಗೆ ಬರೆಯುತ್ತದೆಂದು ಭಾವಿಸೋಣ: ‘ವೆನ್ ದಿ ಬುಷ್ ವಾಸ್ ಫಿಟೆಡ್ ಇಂಟು ದಿ ಹೌಸಿಂಗ್, ಇಟ್ ಕ್ರ್ಯಾಕ್ಡ್. ಪ್ಲೀಸ್ ರಿಪ್ಲೇಸ್ ಇಟ್.’ ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಬಿರುಕು ಬಿಟ್ಟದ್ದು ಬುಷ್ಷೋ, ಹೌಸಿಂಗೋ? ಬುಷ್ ಎಂದು ತಿಳಿದ ಸರಬರಾಜುದಾರರು ಮರುದಿನವೇ ಹೊಸ ಬುಷ್‌ಗಳನ್ನು ಕಳುಹಿಸುತ್ತಾರೆ. ಖರೀದಿದಾರರಿಗೆ ಬೇಕಾಗಿದ್ದದ್ದು ಹೌಸಿಂಗ್. ಎರಡು ಬಾರಿ ಸಾಗಣೆ ವೆಚ್ಚ, ನಿಂತುಹೋದ ಜೋಡಣೆ ಕೆಲಸ, ಅದರ ಜೊತೆಗೆ ಪರಸ್ಪರ ಅಸಮಾಧಾನ. ‘ದಿ ಹೌಸಿಂಗ್ ಕ್ರ್ಯಾಕ್ಡ್’ ಎಂದು ಒಂದು ಪದವನ್ನು ಹೆಚ್ಚಾಗಿ ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ: ‘ವಿ ರಿಸೀವ್ಡ್ ಟೆನ್ ಬಾಕ್ಸಸ್ ಆಫ್ ವಾಲ್ವ್ಸ್ ವಿಚ್ ವರ್ ಡ್ಯಾಮೇಜ್ಡ್.’ ಹಾನಿಗೊಳಗಾದದ್ದು ಪೆಟ್ಟಿಗೆಗಳೇ, ಒಳಗಿನ ವಾಲ್ವ್‌ಗಳೇ? ಪೆಟ್ಟಿಗೆಗಳು ಒಡೆದಿದ್ದರೆ ಪ್ರಶ್ನೆಯು ಸಾಗಣೆದಾರರ ಕಡೆಗೂ ವಿಮಾ ಕಂಪನಿಯ ಕಡೆಗೂ ತಿರುಗುತ್ತದೆ. ಪೆಟ್ಟಿಗೆ ಸುಸ್ಥಿತಿಯಲ್ಲಿದ್ದು ವಾಲ್ವ್‌ಗಳು ಮಾತ್ರ ಕೆಟ್ಟಿದ್ದರೆ ತಯಾರಕರು ಉತ್ತರ ಹೇಳಬೇಕಾಗುತ್ತದೆ. ಹೊಣೆ ಯಾರದೆಂಬುದು ಇಲ್ಲಿ ‘ವಿಚ್’ ಎಂಬ ಒಂದೇ ಪದದ ಮೇಲೆ ನಿಂತಿದೆ. ‘ದಿ ಬಾಕ್ಸಸ್ ವರ್ ಇಂಟ್ಯಾಕ್ಟ್, ಬಟ್ ದಿ ವಾಲ್ವ್ಸ್ ಇನ್‌ಸೈಡ್ ವರ್ ಡ್ಯಾಮೇಜ್ಡ್’ ಎಂದು ಬರೆದಲ್ಲಿ ಯಾವ ಗೊಂದಲಕ್ಕೂ ಎಡೆಯಿರುವುದಿಲ್ಲ.

ಕನ್ನಡಿಗರು ಎಡವುವುದೆಲ್ಲಿ?

ಕನ್ನಡದಲ್ಲಿ ಸ್ಪಷ್ಟವಾಗಿರುವ ಮಾತು ಇಂಗ್ಲಿಷಿಗೆ ಬಂದಾಗ ಅಸ್ಪಷ್ಟವಾಗುವುದಕ್ಕೆ ಭಾಷೆಯ ರಚನೆಯಲ್ಲಿಯೇ ಕಾರಣಗಳಿವೆ.

ಮೊದಲನೆಯದಾಗಿ, ಕನ್ನಡದಲ್ಲಿ ‘ತಾನು, ತನ್ನ, ತಮ್ಮ’ ಎಂಬ ಆತ್ಮಾರ್ಥಕ ಸರ್ವನಾಮಗಳಿವೆ. ‘ಏಜೆಂಟರು ಸಾಗಣೆದಾರರಿಗೆ ತಮ್ಮ ಗೋದಾಮಿನ ಕೀಲಿ ಕೊಟ್ಟರು’ ಎಂದರೆ ಗೋದಾಮು ಏಜೆಂಟರದೆಂದೇ ತಿಳಿಯುತ್ತೇವೆ. ‘ಅವರ ಗೋದಾಮಿನ ಕೀಲಿ’ ಎಂದರೆ ಬೇರೊಬ್ಬರದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿಸ್ ಗೋಡೌನ್’ ಎಂಬ ಒಂದೇ ರೂಪ. ಆದ್ದರಿಂದ ಅಲ್ಲಿ ‘ದಿ ಏಜೆಂಟ್ಸ್ ಗೋಡೌನ್’ ಅಥವಾ ‘ಹಿಸ್ ಓನ್ ಗೋಡೌನ್’ ಎಂದು ಬಿಡಿಸಿ ಬರೆಯತಕ್ಕದ್ದು.

ಎರಡನೆಯದಾಗಿ, ಕನ್ನಡವು ಸಮೀಪದವರನ್ನು ‘ಇವರು’ ಎಂದೂ ದೂರದವರನ್ನು ‘ಅವರು’ ಎಂದೂ, ಜನರನ್ನು ‘ಅವರು’ ಎಂದೂ ವಸ್ತುಗಳನ್ನು ‘ಅವು’ ಎಂದೂ ಬೇರ್ಪಡಿಸುತ್ತದೆ. ಇಂಗ್ಲಿಷಿನ ‘ದೇ’ ಈ ಎಲ್ಲ ಭೇದಗಳನ್ನೂ ಅಳಿಸಿಹಾಕುತ್ತದೆ. ‘ದಿ ಡೀಲರ್ಸ್ ರಿಟರ್ನ್ಡ್ ದಿ ಪಂಪ್ಸ್ ಬಿಕಾಸ್ ದೇ ವರ್ ನಾಟ್ ರೆಡಿ’ ಎಂಬ ವಾಕ್ಯದಲ್ಲಿ ಸಿದ್ಧರಿಲ್ಲದವರು ಡೀಲರುಗಳೇ, ಸಿದ್ಧವಿಲ್ಲದವು ಪಂಪುಗಳೇ? ಕನ್ನಡದಲ್ಲಿ ‘ಸಿದ್ಧರಿರಲಿಲ್ಲ’, ‘ಸಿದ್ಧವಿರಲಿಲ್ಲ’ ಎಂಬ ಕ್ರಿಯಾರೂಪವೇ ಉತ್ತರ ಹೇಳಿಬಿಡುತ್ತದೆ.

ಮೂರನೆಯದಾಗಿ, ಕನ್ನಡದ ಕ್ರಿಯಾಪದವು ಲಿಂಗ ವಚನಗಳನ್ನು ತನ್ನಲ್ಲಿಯೇ ಹೊತ್ತಿರುವುದರಿಂದ ಕರ್ತೃಪದವನ್ನು ಬಿಟ್ಟರೂ ನಡೆಯುತ್ತದೆ. ಅದೇ ರೂಢಿಯಲ್ಲಿ ‘ರಿಸೀವ್ಡ್ ಅಂಡ್ ಚೆಕ್ಡ್. ಫೌಂಡ್ ಶಾರ್ಟ್. ವಿಲ್ ಸೆಂಡ್ ಟುಮಾರೋ’ ಎಂದು ಬರೆಯುತ್ತೇವೆ. ಪದಕ್ಕಿಷ್ಟು ಎಂದು ಹಣ ತೆರಬೇಕಾಗಿದ್ದ ತಂತಿಯ ಕಾಲದಲ್ಲಿ ಈ ಸಂಕ್ಷಿಪ್ತ ಶೈಲಿಗೆ ಅರ್ಥವಿತ್ತು. ಭಾರತದ ತಂತಿ ಸೇವೆಯು 2013ರ ಜುಲೈ ತಿಂಗಳಲ್ಲಿಯೇ ನಿಂತುಹೋಯಿತು; ಆದರೆ ತಂತಿಯ ಭಾಷೆ ಮಾತ್ರ ಮೊಬೈಲ್ ಸಂದೇಶಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ನಾಳೆ ಕಳುಹಿಸುವವರು ಯಾರು, ಏನನ್ನು ಕಳುಹಿಸುತ್ತಾರೆ ಎಂಬುದನ್ನು ಬರೆಯಲು ಈಗ ಹೆಚ್ಚಿನ ವೆಚ್ಚವೇನೂ ಇಲ್ಲ.

‘ದಿ ಸೇಮ್’ ಎಂಬ ಹಳೆಯ ನಂಟು

ನಮ್ಮ ಕಚೇರಿ ಕನ್ನಡದ ‘ಸದರಿ’ ಪದದಂತೆಯೇ ಭಾರತೀಯ ವ್ಯಾಪಾರಿ ಇಂಗ್ಲಿಷಿನಲ್ಲಿ ‘ದಿ ಸೇಮ್’ ಎಂಬುದು ಸರ್ವವ್ಯಾಪಿಯಾಗಿದೆ. ‘ವಿ ಹ್ಯಾವ್ ರಿಸೀವ್ಡ್ ಯುವರ್ ಡ್ರಾಯಿಂಗ್ ಅಂಡ್ ಸ್ಯಾಂಪಲ್. ಕೈಂಡ್ಲಿ ಅಪ್ರೂವ್ ದಿ ಸೇಮ್’ ಎಂದು ಬರೆದರೆ ಅನುಮೋದಿಸಬೇಕಾದದ್ದು ನಕ್ಷೆಯನ್ನೋ, ಮಾದರಿಯನ್ನೋ, ಎರಡನ್ನೋ? ‘ಸದರಿ ನಕ್ಷೆ’ ಎಂದು ನಾಮಪದವನ್ನು ಜೊತೆಗಿಟ್ಟಾಗ ‘ಸದರಿ’ಯು ಸ್ಪಷ್ಟವಾಗುವಂತೆ, ‘ದಿ ಡ್ರಾಯಿಂಗ್’ ಎಂದು ನೇರವಾಗಿ ಬರೆದಾಗ ಇಂಗ್ಲಿಷೂ ಸ್ಪಷ್ಟವಾಗುತ್ತದೆ. ‘ದಿ ಫಾರ್ಮರ್’, ‘ದಿ ಲ್ಯಾಟರ್’ ಎಂಬ ಪ್ರಯೋಗಗಳೂ ಇದೇ ಬಗೆಯವು. ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಓದುಗರು ಹಿಂದಿನ ಸಾಲಿಗೆ ಮರಳಿ ಹುಡುಕಬೇಕಾಗುತ್ತದೆ.

‘ದಿಸ್’ ಎಂಬ ಪದವನ್ನು ಒಂಟಿಯಾಗಿ ಬಿಡಬಾರದು. ‘ದಿ ಪ್ರೈಸ್ ಆಫ್ ಸ್ಟೀಲ್ ಹ್ಯಾಸ್ ರಿಸನ್ ಅಂಡ್ ದಿ ಕಾಸ್ಟಿಂಗ್ಸ್ ಆರ್ ಡಿಲೇಡ್. ದಿಸ್ ಈಸ್ ನಾಟ್ ಅಕ್ಸೆಪ್ಟಬಲ್’ ಎಂದಲ್ಲಿ ಒಪ್ಪಿಗೆಯಿಲ್ಲದಿರುವುದು ಬೆಲೆಯೇರಿಕೆಗೋ, ವಿಳಂಬಕ್ಕೋ? ‘ದಿಸ್ ಡಿಲೇ’ ಎಂದು ಒಂದು ನಾಮಪದವನ್ನು ಸೇರಿಸಿದರೆ ಸಾಕು.

ಹಣ ಪಾವತಿಯ ಮೇಲಿನ ಪರಿಣಾಮ

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆ, 2006ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಸರಬರಾಜುದಾರರಿಗೆ ಖರೀದಿದಾರರು ಲಿಖಿತವಾಗಿ ಒಪ್ಪಿಕೊಂಡ ದಿನಾಂಕದೊಳಗೆ ಹಣ ಪಾವತಿಸಬೇಕು. ಆ ಅವಧಿಯು ಮಾಲನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ವಿಳಂಬವಾದರೆ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ತೆರಬೇಕಾಗುತ್ತದೆ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ಮಾಲು ತಲುಪಿದ ದಿನವೇ ಸ್ವೀಕೃತವಾಯಿತೆಂದು ಭಾವಿಸಲಾಗುತ್ತದೆ. ಆಕ್ಷೇಪಣೆ ಸಲ್ಲಿಸಿದ್ದಲ್ಲಿ ಅದನ್ನು ಸರಬರಾಜುದಾರರು ಪರಿಹರಿಸಿದ ದಿನದಿಂದ ಲೆಕ್ಕ ಆರಂಭವಾಗುತ್ತದೆ.

ಈ ಹಿನ್ನೆಲೆಯಲ್ಲಿ ಆಕ್ಷೇಪಣಾ ಪತ್ರದ ಭಾಷೆಯನ್ನು ಗಮನಿಸೋಣ. ‘ದಿ ಶಾಫ್ಟ್ಸ್ ಅಂಡ್ ಗೇರ್ಸ್ ವರ್ ರಿಸೀವ್ಡ್ ಆನ್ 4 ಜೂನ್. ದೇ ಆರ್ ಅಂಡರ್‌ಸೈಜ್ ಅಂಡ್ ಕೆನಾಟ್ ಬಿ ಅಕ್ಸೆಪ್ಟೆಡ್’ ಎಂದು ಖರೀದಿದಾರರು ಬರೆದಿದ್ದಾರೆ. ಅಳತೆ ಕಡಿಮೆಯಿರುವುದು ಗೇರುಗಳದು ಮಾತ್ರವಾದರೂ ‘ದೇ’ ಎಂಬುದು ಶಾಫ್ಟುಗಳನ್ನೂ ಒಳಗೊಳ್ಳುವಂತಿದೆ. ಶಾಫ್ಟುಗಳ ಹಣಕ್ಕೆ 45 ದಿನಗಳ ಲೆಕ್ಕ ಎಂದಿನಿಂದ ಎಂಬ ತಕರಾರಿಗೆ ಇಲ್ಲಿಯೇ ಬೀಜ ಬೀಳುತ್ತದೆ. ಇಂತಹ ಪತ್ರ ಕೈಸೇರಿದ ಸರಬರಾಜುದಾರರು ಸುಮ್ಮನಿರದೆ ‘ನಿಮ್ಮ ಆಕ್ಷೇಪಣೆ ಗೇರುಗಳಿಗೆ ಮಾತ್ರವೇ, ಶಾಫ್ಟುಗಳಿಗೂ ಅನ್ವಯಿಸುತ್ತದೆಯೇ ಎಂದು ದಯಮಾಡಿ ತಿಳಿಸಿ’ ಎಂದು ಅಂದೇ ಲಿಖಿತವಾಗಿ ಕೇಳುವುದು ಜಾಣತನ.

ನ್ಯಾಯಾಲಯದ ದೃಷ್ಟಿ

ಒಂದು ಪದಕ್ಕೆ ಎರಡು ವಸ್ತುಗಳು ಹೊಂದುವಂತಿದ್ದರೆ ಕರಾರಿನ ಗತಿಯೇನಾಗಬಹುದು ಎಂಬುದಕ್ಕೆ 1864ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ರ್ಯಾಫಲ್ಸ್ ಮತ್ತು ವಿಚೆಲ್‌ಹೌಸ್ ಪ್ರಕರಣವು ಪ್ರಸಿದ್ಧ ನಿದರ್ಶನ. ಮುಂಬಯಿಯಿಂದ ‘ಪೀರ್‌ಲೆಸ್’ ಎಂಬ ಹಡಗಿನಲ್ಲಿ ಲಿವರ್‌ಪೂಲಿಗೆ ಬರಲಿದ್ದ 125 ಬೇಲ್ ಸೂರತ್ ಹತ್ತಿಯ ಮಾರಾಟಕ್ಕೆ ಕರಾರಾಗಿತ್ತು. ಅದೇ ಹೆಸರಿನ ಎರಡು ಹಡಗುಗಳಿದ್ದು, ಒಂದು ಮುಂಬಯಿಯನ್ನು ಅಕ್ಟೋಬರಿನಲ್ಲಿಯೂ ಇನ್ನೊಂದು ಡಿಸೆಂಬರಿನಲ್ಲಿಯೂ ಬಿಟ್ಟಿದ್ದವು. ಖರೀದಿದಾರರು ತಮ್ಮ ಮನಸ್ಸಿನಲ್ಲಿದ್ದದ್ದು ಮೊದಲನೆಯದೆಂದರು. ಮಾರಾಟಗಾರರು ಎರಡನೆಯದರಲ್ಲಿ ಬಂದ ಹತ್ತಿಯನ್ನು ಒಪ್ಪಿಸಲು ಮುಂದಾದರು. ತೀರ್ಪು ಖರೀದಿದಾರರ ಪರವಾಯಿತು. ಹಡಗಿನ ಅಂಕಿತನಾಮವೇ ಹೀಗೆ ಎರಡು ಕಡೆಗೆ ಎಳೆಯುವುದಾದರೆ ‘ಇಟ್’ ಎಂಬ ಸರ್ವನಾಮದ ಮಾತೇನು?

ನಮ್ಮ ಭಾರತೀಯ ಕರಾರು ಕಾಯಿದೆ, 1872ರ 29ನೆಯ ಪ್ರಕರಣವು, ಅರ್ಥವು ನಿಶ್ಚಿತವಲ್ಲದ ಮತ್ತು ನಿಶ್ಚಿತಗೊಳಿಸಲಾಗದ ಒಪ್ಪಂದಗಳು ಅನೂರ್ಜಿತವೆಂದು ಹೇಳುತ್ತದೆ. ದಸ್ತಾವೇಜಿನ ಭಾಷೆಯು ಮೇಲುನೋಟಕ್ಕೇ ಸಂದಿಗ್ಧವಾಗಿದ್ದರೆ ಅದರ ಕೊರತೆಯನ್ನು ಬೇರೆ ಸಾಕ್ಷ್ಯದಿಂದ ತುಂಬುವಂತಿಲ್ಲ ಎಂಬ ತತ್ವವು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. ಕುದುರೆಯೊಂದನ್ನು ‘1,000 ರೂಪಾಯಿ ಅಥವಾ 1,500 ರೂಪಾಯಿ’ಗೆ ಮಾರುವ ಕರಾರೇ ಅಲ್ಲಿ ಕೊಟ್ಟಿದ್ದ ದೃಷ್ಟಾಂತ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ವವು ಮುಂದುವರಿದಿದೆ. ಪ್ರತಿಯೊಂದು ಅಸ್ಪಷ್ಟ ಸರ್ವನಾಮವೂ ಈ ನಿಯಮಗಳ ವ್ಯಾಪ್ತಿಗೆ ಬರುತ್ತದೆಂದಲ್ಲ. ಬಹಳಷ್ಟು ಕಡೆ ಸಂದರ್ಭವೇ ಅರ್ಥವನ್ನು ತಿಳಿಸಿಕೊಡುತ್ತದೆ. ಆದರೆ ‘ನನ್ನ ಮನಸ್ಸಿನಲ್ಲಿದ್ದದ್ದು ಇದು’ ಎಂದು ನಂತರ ವಿವರಿಸುವ ಅವಕಾಶ ಸದಾ ದೊರೆಯುತ್ತದೆಂದು ನಂಬಿ ಕೂರುವಂತಿಲ್ಲ. ಇದಲ್ಲದೆ, ಸಂದಿಗ್ಧ ಷರತ್ತನ್ನು ಅದನ್ನು ರಚಿಸಿದವರಿಗೆ ಪ್ರತಿಕೂಲವಾಗಿ ಅರ್ಥೈಸುವ ನಿಯಮವೊಂದುಂಟು. ಷರತ್ತುಗಳನ್ನು ಬರೆದವರು ನಾವಾಗಿದ್ದರೆ ಅಸ್ಪಷ್ಟತೆಯ ಹೊರೆಯೂ ನಮ್ಮ ಮೇಲೆಯೇ ಬೀಳಬಹುದು.

ಈ ಕಾರಣದಿಂದಲೇ ವಕೀಲರು ಕರಾರುಪತ್ರದ ಆರಂಭದಲ್ಲಿ ‘ಇನ್ನು ಮುಂದೆ ಖರೀದಿದಾರರು ಎಂದು ಕರೆಯಲ್ಪಡುವ’ ಎಂದು ಹೆಸರಿಸಿ, ಕೊನೆಯವರೆಗೂ ಆ ಹೆಸರನ್ನೇ ಬಳಸುತ್ತಾರೆ. ಬೇಸರವೆನಿಸಿದರೂ ಅದು ಉದ್ದೇಶಪೂರ್ವಕವಾದ ಪುನರುಕ್ತಿ. ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದೆಂಬ ಶಾಲೆಯ ಪಾಠವು ಪ್ರಬಂಧಕ್ಕೆ ಸರಿ. ಖರೀದಿ ಆದೇಶಕ್ಕೆ ಸಲ್ಲದು.

ಮೂವರು ಇರುವಲ್ಲಿ ಎಚ್ಚರಿಕೆ

ಇ-ಮೇಲ್ ಪತ್ರಗಳು ಒಬ್ಬರಿಂದ ಇನ್ನೊಬ್ಬರಿಗೆ ರವಾನೆಯಾಗುತ್ತಿರುತ್ತವೆ. ತಯಾರಕರು ಏಜೆಂಟರಿಗೆ ಬರೆದ ‘ಯು ಮಸ್ಟ್ ಪೇ ದಿ ಫ್ರೈಟ್’ ಎಂಬ ಸಾಲು ಖರೀದಿದಾರರ ಕೈಸೇರಿದಾಗ ‘ಯು’ ಯಾರು? ‘ವಿ’ ಎಂದರೆ ಏಜೆಂಟರು ಮಾತ್ರವೇ, ತಯಾರಕರೂ ಸೇರಿಯೇ? ಇಬ್ಬರಿಗಿಂತ ಹೆಚ್ಚು ಪಕ್ಷಗಳಿರುವ ವ್ಯವಹಾರದಲ್ಲಿ ಹಣ, ಹೊಣೆ, ದಿನಾಂಕಗಳನ್ನು ಹೇಳುವ ವಾಕ್ಯಗಳಲ್ಲಿ ಸಂಸ್ಥೆಯ ಹೆಸರನ್ನೇ ಬರೆಯುವುದು ಕ್ಷೇಮ. ಕಂಪನಿಯೊಂದನ್ನು ಒಂದು ಸಾಲಿನಲ್ಲಿ ‘ಇಟ್’ ಎಂದೂ ಮುಂದಿನ ಸಾಲಿನಲ್ಲಿ ‘ದೇ’ ಎಂದೂ ಬರೆದರೆ ಓದುಗರು ಎರಡು ಬೇರೆ ಪಕ್ಷಗಳೆಂದು ಭಾವಿಸಬಹುದು. ಯಾವುದಾದರೊಂದನ್ನು ಆರಿಸಿಕೊಂಡು ಕೊನೆಯವರೆಗೂ ಉಳಿಸಿಕೊಳ್ಳಬೇಕು. ಪತ್ರ ಪಡೆಯುವ ಅಧಿಕಾರಿ ಪುರುಷರೋ ಮಹಿಳೆಯೋ ತಿಳಿಯದಿದ್ದಾಗ ‘ಹಿ’ ಎಂದು ಊಹಿಸುವ ಬದಲು ‘ದಿ ಪರ್ಚೇಸ್ ಮ್ಯಾನೇಜರ್’ ಎಂದು ಹುದ್ದೆಯನ್ನೇ ಬರೆಯಬಹುದು.

ಕಳುಹಿಸುವ ಮುನ್ನ

ಪತ್ರ ಸಿದ್ಧವಾದ ಮೇಲೆ ಐದು ನಿಮಿಷಗಳ ಕಾಲ ಈ ಕೆಳಗಿನ ಪರೀಕ್ಷೆಯನ್ನು ನಡೆಸುವುದು ಒಳಿತು.

1. ಪತ್ರದಲ್ಲಿರುವ ‘ಇಟ್, ದೇ, ದೆಮ್, ಹಿಸ್, ದೇರ್, ದಿಸ್, ದಟ್, ವಿಚ್, ದಿ ಸೇಮ್’ ಎಂಬ ಪದಗಳಿಗೆಲ್ಲ ಅಡಿಗೆರೆ ಎಳೆಯಿರಿ.

2. ಪ್ರತಿಯೊಂದರಿಂದ ಅದರ ಪೂರ್ವಪದಕ್ಕೆ ಬಾಣದ ಗುರುತು ಹಾಕಿ. ಬಾಣವು ಎರಡು ಕಡೆ ಹೋಗಬಹುದಾದರೆ ಸರ್ವನಾಮವನ್ನು ತೆಗೆದು ನಾಮಪದವನ್ನೇ ಬರೆಯಿರಿ.

3. ಬಾಣಕ್ಕೆ ತಲುಪುವ ಜಾಗವೇ ಇಲ್ಲದಿದ್ದರೆ, ಅಂದರೆ ಪೂರ್ವಪದವು ಬರೆದವರ ಮನಸ್ಸಿನಲ್ಲಿ ಮಾತ್ರ ಇದ್ದರೆ, ಆ ವಾಕ್ಯವನ್ನು ಹೊಸದಾಗಿ ಬರೆಯಿರಿ.

4. ಬಾಣವು ಎರಡು ಮೂರು ಸಾಲುಗಳನ್ನು ದಾಟಿ ಹೋಗುತ್ತಿದ್ದರೆ ನಾಮಪದವನ್ನು ಮತ್ತೊಮ್ಮೆ ಹೇಳಿ.

5. ಏಕವಚನಕ್ಕೆ ‘ಇಟ್’, ಬಹುವಚನಕ್ಕೆ ‘ದೇ’ ಇದೆಯೇ ಎಂದು ನೋಡಿ. ‘ಈಚ್ ಆಫ್ ದಿ ಮೋಟಾರ್ಸ್’ ಎಂಬುದು ಏಕವಚನ ಎಂಬುದನ್ನು ಮರೆಯಬೇಡಿ.

6. ವ್ಯವಹಾರದ ಹಿನ್ನೆಲೆ ತಿಳಿಯದ ಸಹೋದ್ಯೋಗಿಯೊಬ್ಬರಿಗೆ ಪತ್ರವನ್ನು ಓದಲು ಕೊಟ್ಟು, ಅರ್ಥವನ್ನು ಕನ್ನಡದಲ್ಲಿ ಹೇಳಲು ಕೋರಿ. ಕನ್ನಡದಲ್ಲಿ ಹೇಳುವಾಗ ‘ಅವರೋ, ಅವೋ’, ‘ತಮ್ಮದೋ, ಅವರದೋ’ ಎಂದು ಅವರು ತಡವರಿಸಿದ ಕಡೆಯಲ್ಲಿಯೇ ದೋಷವಿದೆ.

ದೊಡ್ಡ ಮೊತ್ತದ ಕರಾರುಗಳಲ್ಲಿ ಕಾನೂನು ಸಲಹೆಗಾರರ ನೆರವು ಅನಿವಾರ್ಯ. ಆದರೆ ದಿನವೂ ನಾವೇ ಬರೆಯುವ ಹತ್ತಾರು ಪತ್ರಗಳಿಗೆ ಬೇಕಾದದ್ದು ಆಡಂಬರದ ಇಂಗ್ಲಿಷ್ ಅಲ್ಲ. ಯಾವ ಮಾಲು, ಯಾರ ಹೊಣೆ, ಯಾವ ದಿನ ಎಂಬುದು ಒಂದೇ ಓದಿಗೆ ತಿಳಿಯುವ ಸರಳ ವಾಕ್ಯಗಳು. ತೂಕದಲ್ಲಿಯೂ ಅಳತೆಯಲ್ಲಿಯೂ ನಾವು ವಹಿಸುವ ನಿಷ್ಠೆಯನ್ನು ಈ ಪುಟ್ಟ ಪದಗಳ ವಿಷಯದಲ್ಲಿಯೂ ವಹಿಸಿದಲ್ಲಿ ಎಷ್ಟೋ ತಕರಾರುಗಳು ಹುಟ್ಟುವ ಮೊದಲೇ ಇತ್ಯರ್ಥವಾಗುತ್ತವೆ.