ಎರಿ ಭೂಮಿ ದಾರಿಗೆ ಎಂಥಾ ಸ್ಪ್ರಿಂಗ್ ಬೇಕು?

ನಮ್ಮ ಟೀಮಿನಲ್ಲಿ ಮೂರು ಜನ. ಒಬ್ಬರದು ಆಳಂದ, ಒಬ್ಬರದು ಅಫಜಲಪುರ, ಇನ್ನೊಬ್ಬರದು ಜೇವರ್ಗಿ. ಮೂರೂ ತಾಲೂಕಿನಲ್ಲಿ ಎರಿ ಭೂಮಿಯೇ ಜಾಸ್ತಿ. ಮಳೆ ಬಿದ್ರೆ ಈ ಮಣ್ಣು ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತೆ. ಹಂಗಾಗಿ ಮೇಲಿನ ರಸ್ತೆ ಬಹಳ ದಿನ ಮಟ್ಟಸವಾಗಿ ಉಳಿಯಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರಿಗೆ ಹೋದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಪ್ರಾಜೆಕ್ಟ್‌ಗೆ ಅಂತ ನಾವು ಪೈಪ್ ವೆಲ್ಡ್ ಮಾಡಿ ಒಂದು ಹಗುರ ಕಾರು ಕಟ್ಟಿದ್ವಿ. ಡ್ರೈವರ್ ಸೇರಿ 480 ಕೆಜಿ. 'ನಮ್ಮ ರಸ್ತೆಗೆ ಗಟ್ಟಿ ಸ್ಪ್ರಿಂಗೇ ಬೇಕು' ಅಂತ ಗುಜರಿಯಲ್ಲಿ ಸಿಕ್ಕ ದೊಡ್ಡ ಕಾರಿನ ಸ್ಪ್ರಿಂಗ್ ಹಾಕಿದ್ವಿ. ಜೇವರ್ಗಿ ಹತ್ರ ದೋಸ್ತನ ಹೊಲದ ದಾರಿಯಲ್ಲಿ ಓಡಿಸಿದಾಗ, ತಗ್ಗು ಬಂದಾಗೆಲ್ಲ ಮುಂದಿನ ಚಕ್ರ ಗಾಳಿಯಲ್ಲಿ! ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ್ರೂ ಕಾರು ನೆಟ್ಟಗೆ ತೊಗರಿ ಹೊಲಕ್ಕೆ ನುಗ್ಗಿತು. ಯಾರಿಗೂ ಏಟಾಗಲಿಲ್ಲ, ಪುಣ್ಯ. ಆಮೇಲೆ ಕೂತು ಲೆಕ್ಕ ಹಾಕಿದ್ವಿ.

ಮೊದಲು ಆರಿಸಬೇಕಾದ್ದು ಸ್ಪ್ರಿಂಗ್ ಅಲ್ಲ, ಫ್ರೀಕ್ವೆನ್ಸಿ. ಅಂದ್ರೆ ಕಾರಿನ ಬಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗಬೇಕು ಅನ್ನೋದು. ಸಾಮಾನ್ಯ ಕಾರುಗಳಲ್ಲಿ ಇದು 1ರಿಂದ 1.5 ಹರ್ಟ್ಜ್. ನಾವು 1.5 ಇಟ್ಟುಕೊಂಡ್ವಿ.

ಚಕ್ರ, ಹಬ್, ಬ್ರೇಕ್ ಇವುಗಳ ಭಾರ ಸ್ಪ್ರಿಂಗ್ ಮೇಲೆ ಬೀಳಲ್ಲ. ಆ 80 ಕೆಜಿ ಕಳೆದ್ರೆ 400 ಉಳೀತು. ನಮ್ಮ ಕಾರಿನಲ್ಲಿ ಭಾರ ಹೆಚ್ಚುಕಮ್ಮಿ ಸಮ ಇರೋದ್ರಿಂದ ಚಕ್ರಕ್ಕೆ 100 ಕೆಜಿ. 2π ಗುಣಿಸು 1.5, ಅದರ ವರ್ಗ, ಅದನ್ನ 100ರಿಂದ ಗುಣಿಸಿದ್ರೆ ಚಕ್ರದ ಹತ್ರ ಬೇಕಾದ ಗಡಸುತನ: ಮಿಲಿಮೀಟರಿಗೆ ಸುಮಾರು 8.9 ನ್ಯೂಟನ್.

ಆದ್ರೆ ಸ್ಪ್ರಿಂಗ್ ಚಕ್ರದ ಮೇಲೇ ಕೂತಿಲ್ಲ, ಒಳಗಡೆ ಓರೆಯಾಗಿ ಕೂತಿದೆ. ಚಕ್ರ 10 ಮಿ.ಮೀ. ಎದ್ರೆ ನಮ್ಮ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗುತ್ತೆ. ಈ 0.7 ಮೋಶನ್ ರೇಶಿಯೋ. ಇದರ ವರ್ಗದಿಂದ, ಅಂದ್ರೆ 0.49ರಿಂದ ಭಾಗಿಸಬೇಕು. ವರ್ಗ ಮಾಡೋದನ್ನ ಮರೆತ್ರೆ ಎಲ್ಲಾ ತಪ್ಪು. ಉತ್ತರ ಸುಮಾರು 18 ನ್ಯೂಟನ್. ಗುಜರಿ ಸ್ಪ್ರಿಂಗ್ ಅಳೆದು ನೋಡಿದ್ರೆ 40! ಅದರಲ್ಲಿ ಫ್ರೀಕ್ವೆನ್ಸಿ 2.2 ದಾಟುತ್ತೆ.

ಹಂಗಾದ್ರೆ ಚಕ್ರ ಯಾಕೆ ಗಾಳಿಗೆ ಬಂತು? ಕಾರು ತನ್ನ ಭಾರಕ್ಕೆ ಎಷ್ಟು ಕುಸಿದು ಕೂರುತ್ತೋ, ತಗ್ಗು ಬಂದಾಗ ಸ್ಪ್ರಿಂಗ್ ಚಕ್ರವನ್ನ ಅಷ್ಟೇ ಕೆಳಗೆ ತಳ್ಳಬಲ್ಲದು. 25ನ್ನ ಫ್ರೀಕ್ವೆನ್ಸಿಯ ವರ್ಗದಿಂದ ಭಾಗಿಸಿದ್ರೆ ಆ ಕುಸಿತ ಸೆಂಟಿಮೀಟರಿನಲ್ಲಿ ಸಿಗುತ್ತೆ. 1.5ಕ್ಕೆ 11 ಸೆಂ.ಮೀ., ಗುಜರಿ ಸ್ಪ್ರಿಂಗಿಗೆ ಬರೀ 5. ಟೈರ್ ನೆಲ ಹಿಡೀದಿದ್ರೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಕೆಟ್ಟ ರಸ್ತೆಗೆ ಬೇಕಾದ್ದು ಗಟ್ಟಿ ಸ್ಪ್ರಿಂಗ್ ಅಲ್ಲ, ಚಕ್ರ ಓಡಾಡೋಕೆ ಜಾಗ.

ಇನ್ನೆರಡು ಮಾತು. ಮೆತ್ತಗಾಗಲಿ ಅಂತ ಸ್ಪ್ರಿಂಗಿನ ಸುತ್ತು ಕತ್ತರಿಸಬೇಡಿ. ಸುತ್ತು ಕಮ್ಮಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತೆ. ಹಾಗೇ, 40 ಕಿ.ಮೀ. ವೇಗದಲ್ಲಿ 7 ಮೀಟರಿಗೊಂದು ಏರಿಳಿತ ಸಿಕ್ರೆ ಸೆಕೆಂಡಿಗೆ 1.6 ಸಲ ತಳ್ಳಿದಂಗೆ. ಅದು ನಮ್ಮ 1.5ರ ಪಕ್ಕದಲ್ಲೇ ಇದೆ, ಕಾರು ಜೋಕಾಲಿ ಆಡುತ್ತೆ. ಅದನ್ನ ತಡೆಯೋದು ಶಾಕ್ ಅಬ್ಸಾರ್ಬರ್ ಕೆಲಸ, ಸ್ಪ್ರಿಂಗಿಂದಲ್ಲ.

ಹಗುರ ಕಾರಿನ ಕಷ್ಟವೂ ಒಂದಿದೆ. ಹಿಂದೆ 130 ಕೆಜಿಯ ಇಬ್ಬರು ದೋಸ್ತರು ಕೂತ್ರೆ ಹಿಂಭಾಗ ಇನ್ನೂ 7 ಸೆಂ.ಮೀ. ಕುಸಿಯುತ್ತೆ. ಅದಕ್ಕೇ ನಮ್ಮ ಕಾರಿಗೆ ಒಂದೇ ಸೀಟು. ಹೊಸ ಸ್ಪ್ರಿಂಗ್ ಹಾಕಿ ಅದೇ ಹೊಲದ ದಾರಿಗೆ ಮತ್ತೆ ಹೋದ್ವಿ. ಈ ಸಲ ತೊಗರಿ ಗಿಡಗಳು ಬಚಾವ್!